ಮಾತಿಗೊಂದು ಆಧಾರ: ಭಾಷಣದಲ್ಲಿ ಪುರಾವೆಯನ್ನು ಹುಡುಕುವ, ತೂಗುವ, ಹೇಳುವ ಬಗೆ

ಹಲವು ವರ್ಷಗಳ ಹಿಂದೆ ಒಂದು ತರಬೇತಿ ಶಿಬಿರದಲ್ಲಿ ಭಾಷಣ ಕಲೆಯ ಬಗ್ಗೆ ಮಾತನಾಡುತ್ತಿದ್ದೆ. ನಮ್ಮ ಮಾತು ಕೇಳುಗರನ್ನು ಮುಟ್ಟುವುದರಲ್ಲಿ ಪದಗಳ ಪಾಲು ಶೇ. 7 ಮಾತ್ರ, ದನಿಯ ಏರಿಳಿತದ ಪಾಲು ಶೇ. 38, ಮುಖಭಾವದ್ದು ಶೇ. 55 ಎಂದೆ. ಎಲ್ಲರೂ ಬರೆದುಕೊಂಡರು. ಎರಡನೆಯ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಮಾತ್ರ ಪೆನ್ನು ಕೆಳಗಿಟ್ಟು ಎದ್ದು ನಿಂತರು. "ಸರ್, ಹಾಗಾದರೆ ನೀವು ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತನಾಡಿದ್ದರೂ ನೂರರಲ್ಲಿ ತೊಂಬತ್ತಮೂರು ಪಾಲು ನನಗೆ ಅರ್ಥವಾಗುತ್ತಿತ್ತೇ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಅಂದು ರಾತ್ರಿ ಕುಳಿತು ಆ ಸಂಖ್ಯೆಗಳ ಬೇರು ಹುಡುಕಿದೆ. ಅವು ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಿಂದ ಹುಟ್ಟಿದವು. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರಗಳನ್ನು ತೋರಿಸಿ, ಹೇಳುವವರಿಗೆ ಪ್ರೀತಿಯಿದೆಯೋ ಅಸಹನೆಯಿದೆಯೋ ಎಂದು ಜನರಿಂದ ಊಹೆ ಮಾಡಿಸಿದ ಪ್ರಯೋಗಗಳವು. ಭಾವನೆ ಮತ್ತು ಒಲವುಗಳ ವಿಷಯಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ನಾನದನ್ನು ಇನ್ನೊಬ್ಬ ತರಬೇತುದಾರರಿಂದ ಕೇಳಿದ್ದೆ. ಅವರು ಮತ್ತೊಬ್ಬರಿಂದ ಕೇಳಿದ್ದರು. ಮೂಲ ಪ್ರಬಂಧವನ್ನು ನಾವ್ಯಾರೂ ತೆರೆದು ನೋಡಿರಲಿಲ್ಲ.

ಬರಹ ಓದುವವರು ಅನುಮಾನ ಬಂದರೆ ನಿಲ್ಲಬಹುದು, ಪುಟ ಹಿಂದಕ್ಕೆ ತಿರುಗಿಸಬಹುದು, ಅಡಿಟಿಪ್ಪಣಿ ನೋಡಬಹುದು. ಭಾಷಣ ಕೇಳುವವರಿಗೆ ಇದ್ಯಾವುದೂ ಸಾಧ್ಯವಿಲ್ಲ. ಅವರು ಒಂದು ವಾಕ್ಯವನ್ನು ತೂಗುವಷ್ಟರಲ್ಲಿ ನಾವು ಮೂರನೆಯ ವಾಕ್ಯದಲ್ಲಿರುತ್ತೇವೆ. ಹಾಗಾಗಿ ಅವರು ಮಾಡಬೇಕಾದ ಪರಿಶೀಲನೆಯನ್ನು ನಾವೇ ಮೊದಲು ಮಾಡಿ ಬಂದಿರಬೇಕು, ಅದರ ಗುರುತನ್ನು ಮಾತಿನಲ್ಲೇ ಕಾಣಿಸಬೇಕು. ಪರಿಣಾಮಕಾರಿಯಾಗಿ ಹೇಳುವುದು ಒಂದು ವಿದ್ಯೆ, ಪ್ರಾಮಾಣಿಕವಾಗಿ ಹೇಳುವುದು ಅದಕ್ಕೆ ಅಡ್ಡಬರುವ ಇನ್ನೊಂದು ವಿದ್ಯೆ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಾಹಿತಿ ಎಲ್ಲಿಂದ ಬಂತು, ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಹೇಳಿದ ಭಾಷಣವನ್ನೇ ಜನ ನಂಬುತ್ತಾರೆ.

ಹಂತ 1: ಭಾಷಣವನ್ನು ಹೇಳಿಕೆಗಳಾಗಿ ಬಿಡಿಸಿ

ಪುರಾವೆ ಹುಡುಕಲು ಹೊರಡುವ ಮುನ್ನ ಯಾವುದಕ್ಕೆ ಪುರಾವೆ ಬೇಕೆಂದು ಗೊತ್ತಿರಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ: ಗ್ರಂಥಾಲಯವೊಂದರ ಸಮಿತಿಯ ಮುಂದೆ ನೀವು ಮಾತನಾಡಬೇಕಿದೆ. ನಿಮ್ಮ ಬೇಡಿಕೆ, "ಗ್ರಂಥಾಲಯ ಸಂಜೆ ಇನ್ನೂ ಎರಡು ಗಂಟೆ ತೆರೆದಿರಬೇಕು."

ಈ ಒಂದು ವಾಕ್ಯದೊಳಗೆ ಕಡೇಪಕ್ಷ ನಾಲ್ಕು ಹೇಳಿಕೆಗಳಿವೆ. ಈಗಿನ ವೇಳೆ ಹಲವರಿಗೆ ಹೊಂದುತ್ತಿಲ್ಲ. ವೇಳೆ ಹೆಚ್ಚಿಸಿದರೆ ಅವರು ಬರುತ್ತಾರೆ. ಅದರ ಖರ್ಚನ್ನು ಸಂಸ್ಥೆ ತಾಳಿಕೊಳ್ಳಬಲ್ಲದು. ಓದುವ ಅವಕಾಶ ಎಲ್ಲರಿಗೂ ಸಿಗುವುದು ಒಳ್ಳೆಯದು. ಈಗ ಪ್ರತಿಯೊಂದರ ಮುಂದೆ ಕೇಳುಗರ ನಿಲುವನ್ನು ಬರೆಯಿರಿ: ಒಪ್ಪುತ್ತಾರೆಯೇ, ಅನುಮಾನಿಸುತ್ತಾರೆಯೇ, ವಿರೋಧಿಸುತ್ತಾರೆಯೇ?

ಇಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ಭಾಷಣಕಾರರು ತಮ್ಮ ಆಧಾರವನ್ನೆಲ್ಲ ನಾಲ್ಕನೆಯ ಹೇಳಿಕೆಗೆ ಸುರಿಯುತ್ತಾರೆ. ಓದಿನ ಹಿರಿಮೆಯ ಬಗ್ಗೆ ಮಹನೀಯರ ಮಾತುಗಳು, ಸುಭಾಷಿತಗಳು, ಹೀಗೆ. ಗ್ರಂಥಾಲಯ ಸಮಿತಿಯಲ್ಲಿ ಅದನ್ನು ಒಪ್ಪದವರು ಯಾರಿದ್ದಾರೆ? ಅವರ ಅನುಮಾನವಿರುವುದು ಎರಡನೆಯ ಮತ್ತು ಮೂರನೆಯ ಹೇಳಿಕೆಗಳಲ್ಲಿ. ಅಲ್ಲಿ ಭಾಷಣಕಾರರ ಕೈ ಖಾಲಿ. ಎಲ್ಲಿ ಅನುಮಾನವಿದೆಯೋ ಅಲ್ಲಿಗೆ ನಿಮ್ಮ ಶ್ರಮದ ಮುಕ್ಕಾಲು ಪಾಲು ಹೋಗಲಿ.

ಇನ್ನೊಂದು ಕೆಲಸವನ್ನೂ ಈಗಲೇ ಮಾಡಿಬಿಡಿ. "ಏನು ಸಿಕ್ಕರೆ ನಾನು ನನ್ನ ಅಭಿಪ್ರಾಯ ಬದಲಿಸುತ್ತೇನೆ?" ಎಂದು ಒಂದು ಸಾಲು ಬರೆದಿಡಿ. ಹುಡುಕಾಟ ಶುರುವಾದ ಮೇಲೆ ಮನಸ್ಸು ತನಗೆ ಬೇಕಾದ್ದನ್ನೇ ಹೆಕ್ಕುತ್ತದೆ. ಆಗ ಈ ಸಾಲು ಕೈಹಿಡಿದು ನಿಲ್ಲಿಸುತ್ತದೆ.

ಹಂತ 2: ಯಾವ ಭಾರಕ್ಕೆ ಯಾವ ಆಧಾರ ಎಂದು ನೋಡಿ

ಎಷ್ಟು ಜನರಿಗೆ, ಎಷ್ಟು ಸಲ, ಎಷ್ಟು ಹೆಚ್ಚು ಎಂಬ ಪ್ರಶ್ನೆಗೆ ಅಂಕಿಅಂಶವೇ ಉತ್ತರ. ಅನುಭವಿಸುವುದು ಹೇಗಿರುತ್ತದೆ ಎಂಬುದಕ್ಕೆ ಒಬ್ಬರ ನಿಜವಾದ ಕಥೆ ಬೇಕು. ಕಾರಣವೇನು ಎಂಬುದಕ್ಕೆ ಬಲ್ಲವರ ವಿವರಣೆಯೋ ಪ್ರಯೋಗವೋ ಬೇಕು. ಹೋಲಿಕೆ ಅರ್ಥವಾಗಿಸಲು ಒದಗುತ್ತದೆ, ಸಾಬೀತುಪಡಿಸಲು ಒದಗುವುದಿಲ್ಲ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದಾಗ ಮಾತು ಕುಸಿಯುತ್ತದೆ.

ಕಣ್ಣೆದುರಿನ ಪ್ರದರ್ಶನಕ್ಕಂತೂ ಬೇರೆಯದೇ ಶಕ್ತಿಯಿದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಉಡಾವಣೆಯಾದ ಸ್ವಲ್ಪ ಹೊತ್ತಿಗೇ ಸಿಡಿದು ಏಳು ಮಂದಿ ಸತ್ತರು. ಹಿಂದಿನ ರಾತ್ರಿಯೇ ಎಂಜಿನಿಯರುಗಳು ರಾಕೆಟ್ಟಿನ ಕೀಲುಗಳನ್ನು ಭದ್ರವಾಗಿ ಮುಚ್ಚುವ ರಬ್ಬರ್ ಉಂಗುರಗಳು ಚಳಿಯಲ್ಲಿ ಕೆಲಸ ಮಾಡಲಾರವೆಂದು ಎಚ್ಚರಿಸಿ, ಹದಿಮೂರು ಹಾಳೆಗಳಷ್ಟು ಪಟ್ಟಿ, ಚಿತ್ರಗಳನ್ನು ಫ್ಯಾಕ್ಸ್ ಮಾಡಿದ್ದರು. ಉಡಾವಣೆ ನಿಲ್ಲಲಿಲ್ಲ. ಮೇಲಿನವರ ಒತ್ತಡ ಅದರಲ್ಲಿ ದೊಡ್ಡ ಪಾಲು. ಜೊತೆಗೆ ಚಳಿಗೂ ಉಂಗುರದ ಸೋಲಿಗೂ ಇರುವ ನಂಟು ಆ ಹಾಳೆಗಳಲ್ಲಿ ಒಂದೇ ನೋಟಕ್ಕೆ ಕಾಣುವಂತಿರಲಿಲ್ಲ. ಎರಡು ವಾರಗಳ ನಂತರ, ಫೆಬ್ರವರಿ 11ರಂದು, ತನಿಖಾ ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ಬಗೆಯ ರಬ್ಬರ್ ತುಣುಕನ್ನು ಸಣ್ಣ ಹಿಡಿಕೆಯಲ್ಲಿ ಅದುಮಿ, ಐಸ್ ಹಾಕಿದ ನೀರಿನ ಲೋಟದಲ್ಲಿ ಮುಳುಗಿಸಿಟ್ಟರು. ಹೊರತೆಗೆದು ಹಿಡಿಕೆ ಸಡಿಲಿಸಿದಾಗ ರಬ್ಬರ್ ಕೂಡಲೇ ಮೊದಲಿನ ಆಕಾರಕ್ಕೆ ಮರಳಲಿಲ್ಲ. ವಿಷಯ ಹಳೆಯದೇ, ಅದನ್ನು ಕಾಣಿಸಿದ ಬಗೆ ಹೊಸದು. ನಿಮ್ಮ ವಿಷಯದಲ್ಲಿ ಹೀಗೆ ಕೈಯಲ್ಲಿ ಹಿಡಿದು ತೋರಿಸಬಹುದಾದದ್ದು ಏನಾದರೂ ಇದೆಯೇ ಎಂದು ಯೋಚಿಸಿ. ಇದ್ದರೆ ಹತ್ತು ಸ್ಲೈಡುಗಳನ್ನು ಬಿಟ್ಟುಬಿಡಬಹುದು.

ಹಂತ 3: ಮೂಲದವರೆಗೆ ನಡೆದು ಹೋಗಿ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನಮ್ಮಲ್ಲಿದೆ. ಕಂಡದ್ದಕ್ಕೇ ಅಷ್ಟು ಎಚ್ಚರ ಬೇಕಾದರೆ ಕೇಳಿದ್ದಕ್ಕೆ, ಮೊಬೈಲ್‌ಗೆ ಬಂದದ್ದಕ್ಕೆ ಇನ್ನೆಷ್ಟು ಬೇಕು! ಒಂದು ಸುದ್ದಿ ಸಮೀಕ್ಷೆಯೊಂದನ್ನು ಉಲ್ಲೇಖಿಸಿದರೆ ಸಮೀಕ್ಷೆಯನ್ನೇ ತೆರೆಯಿರಿ. ಪುಸ್ತಕವೊಂದು ಪ್ರಬಂಧವನ್ನು ಉಲ್ಲೇಖಿಸಿದರೆ ಪ್ರಬಂಧದ ಸಾರಾಂಶವನ್ನಾದರೂ ಓದಿ. ಮೂಲ ಸಿಕ್ಕ ಮೇಲೆ ಕೇಳಬೇಕಾದ್ದು ಇಷ್ಟು: ಹೇಳುತ್ತಿರುವವರು ಯಾರು, ಅವರಿಗೆ ಇದು ಗೊತ್ತಾದದ್ದು ಹೇಗೆ, ಯಾವಾಗ, ಹೀಗೆ ಹೇಳುವುದರಿಂದ ಅವರಿಗೇನಾದರೂ ಲಾಭವಿದೆಯೇ?

ಮೂಲ ಈಗಲೂ ನಿಂತಿದೆಯೇ ಎಂಬುದನ್ನೂ ನೋಡಬೇಕು. 1998ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮಕ್ಕಳಿಗೆ ದಡಾರ ಮೊದಲಾದ ರೋಗಗಳ ವಿರುದ್ಧ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸುವ ಪ್ರಬಂಧ ಬಂತು. ಅದರಲ್ಲಿ ಪರೀಕ್ಷಿಸಿದ ಮಕ್ಕಳು 12. ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಪತ್ರಿಕೆಯ ಹೆಸರು ದೊಡ್ಡದು, ಪ್ರಬಂಧ ಪ್ರಕಟವಾದದ್ದೂ ನಿಜ. ಆದರೂ ಇಂದು ಅದನ್ನು ಆಧಾರವಾಗಿ ಎತ್ತುವುದು ಕೇಳುಗರಿಗೆ ಮಾಡುವ ಮೋಸ.

ಸೂಕ್ತಿಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. "ನೀನು ಹೇಳುವುದನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಹೇಳುವ ನಿನ್ನ ಹಕ್ಕಿಗಾಗಿ ಪ್ರಾಣ ಇರುವವರೆಗೂ ಹೋರಾಡುತ್ತೇನೆ" ಎಂಬ ಮಾತನ್ನು ಫ್ರೆಂಚ್ ಲೇಖಕ ವೊಲ್ಟೇರ್ ಹೆಸರಿನಲ್ಲಿ ಎಷ್ಟು ವೇದಿಕೆಗಳಲ್ಲಿ ಕೇಳಿಲ್ಲ? ಅದನ್ನು ಬರೆದವರು ಎವೆಲಿನ್ ಬಿಯಾಟ್ರಿಸ್ ಹಾಲ್. ವೊಲ್ಟೇರ್ ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, 1906ರ ಪುಸ್ತಕದಲ್ಲಿ, ಅವರ ನಿಲುವನ್ನು ವಿವರಿಸಲು ಆಕೆ ಬರೆದ ಸಾಲು ಅದು. ಯಾವ ಕೃತಿ, ಯಾವ ಸಂದರ್ಭ ಎಂದು ಹೇಳಲಾಗದ ಸೂಕ್ತಿಯನ್ನು ನಾನು ಈಗ ಬಳಸುವುದೇ ಇಲ್ಲ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳಿಂದ ಆಧಾರ ಕೇಳಿ ಪಡೆಯುವವರು ಈಗ ಹೆಚ್ಚು. ಅವು ಇಲ್ಲದ ಪ್ರಬಂಧ, ಇಲ್ಲದ ತೀರ್ಪುಗಳನ್ನು ನಿಜದಂತೆಯೇ ಜೋಡಿಸಿ ಕೊಡಬಲ್ಲವು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಹೀಗೆ ಹುಟ್ಟಿದ ಸುಳ್ಳು ತೀರ್ಪುಗಳನ್ನು ಉಲ್ಲೇಖಿಸಿದ್ದ ವಕೀಲರಿಗೆ ದಂಡ ಹಾಕಿತು. ಹುಡುಕಾಟಕ್ಕೆ ದಾರಿ ತೋರಿಸಲು ಅವನ್ನು ಬಳಸಿ. ಆದರೆ ಅವು ಹೆಸರಿಸಿದ ದಾಖಲೆಯನ್ನು ನಿಮ್ಮ ಕಣ್ಣಿಂದ ನೋಡದೆ ವೇದಿಕೆ ಹತ್ತಬೇಡಿ.

ಪರಿಣತರ ಮಾತಿಗೂ ಒಂದು ಗಡಿ ಇರುತ್ತದೆ. 1999ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಹಸುಳೆಗಳನ್ನು ಒಬ್ಬರ ನಂತರ ಒಬ್ಬರಂತೆ ಕಳೆದುಕೊಂಡ ತಾಯಿಯ ಮೇಲಿನ ಕೊಲೆ ಆರೋಪದ ವಿಚಾರಣೆ ನಡೆಯಿತು. ಇಂಥ ಎರಡು ಸಹಜ ಸಾವುಗಳು ಒಂದೇ ಮನೆಯಲ್ಲಿ ಆಗುವ ಸಾಧ್ಯತೆ 7.3 ಕೋಟಿಯಲ್ಲಿ ಒಂದು ಎಂದು ಹೆಸರಾಂತ ಮಕ್ಕಳ ತಜ್ಞರೊಬ್ಬರು ಸಾಕ್ಷ್ಯ ನುಡಿದರು. 8,543ರಲ್ಲಿ ಒಂದು ಎಂಬ ಅಂದಾಜನ್ನು ಅದರಿಂದಲೇ ಗುಣಿಸಿ ತೆಗೆದ ಲೆಕ್ಕ ಅದು. ಒಂದೇ ಕುಟುಂಬದ ಎರಡು ಸಾವುಗಳಿಗೆ ಒಂದೇ ಕಾರಣ ಇರಬಹುದಾದ್ದರಿಂದ ಹಾಗೆ ಗುಣಿಸುವಂತಿಲ್ಲ. ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿಯೇ ಇದನ್ನು ಖಂಡಿಸಿತು. ಆಕೆ ತಪ್ಪಿತಸ್ಥೆ ಎಂಬ ತೀರ್ಪು 2003ರಲ್ಲಿ ರದ್ದಾಗುವ ಹೊತ್ತಿಗೆ ಆ ತಾಯಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ತಜ್ಞರ ಪರಿಣತಿ ಮಕ್ಕಳ ಕಾಯಿಲೆಯಲ್ಲಿತ್ತು. ಅವರು ಹೇಳಿದ್ದು ಸಂಖ್ಯಾಶಾಸ್ತ್ರದ ಮಾತು. "ತಜ್ಞರು ಹೇಳುತ್ತಾರೆ" ಎಂದು ಬರೆದ ಕಡೆಯೆಲ್ಲ "ಯಾವುದರಲ್ಲಿ ತಜ್ಞರು?" ಎಂದು ಪಕ್ಕದಲ್ಲಿ ಬರೆದುಕೊಳ್ಳಿ.

ಹಂತ 4: ಸಂಖ್ಯೆಯನ್ನು ಬಿಚ್ಚಿ ನೋಡಿ, ಆಮೇಲೆ ಹೇಳಿ

ಈ ಹಂತದಲ್ಲಿ ನಿಧಾನಿಸಬೇಕು. ಸುಳ್ಳು ಹೇಳದೆಯೇ ದಾರಿ ತಪ್ಪಿಸುವುದು ಸಂಖ್ಯೆಯಲ್ಲಿ ತೀರಾ ಸುಲಭ.

1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಮಾತು ಸುಳ್ಳಾಗಿರಲಿಲ್ಲ. ಹಳೆಯ ಮಾತ್ರೆ ತೆಗೆದುಕೊಳ್ಳುವ 7,000 ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ಆಗುತ್ತಿದ್ದದ್ದು ಹೊಸದರಲ್ಲಿ ಸುಮಾರು ಇಬ್ಬರಿಗೆ ಆಗುತ್ತಿತ್ತು. "ಎರಡು ಪಟ್ಟು" ಎಂದರೂ ಸರಿ, "7,000ಕ್ಕೆ ಒಬ್ಬರು ಹೆಚ್ಚು" ಎಂದರೂ ಸರಿ. ಜನರ ಕಿವಿಗೆ ಬಿದ್ದದ್ದು ಮೊದಲನೆಯದು. ಹೆದರಿದ ಬಹಳಷ್ಟು ಮಹಿಳೆಯರು ಮಾತ್ರೆಯನ್ನೇ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳ ಸಂಖ್ಯೆ ಅಂದಾಜು 13,000ದಷ್ಟು ಏರಿತು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಳಿಗಿಂತಲೂ ಹೆಚ್ಚು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಹಾಗಾಗಿ ಪಟ್ಟು, ಶೇಕಡಾ, ದುಪ್ಪಟ್ಟು ಎಂದು ಹೇಳುವಾಗಲೆಲ್ಲ "ಎಷ್ಟರಲ್ಲಿ ಎಷ್ಟು ಇದ್ದದ್ದು ಎಷ್ಟಾಯಿತು" ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ಸರಾಸರಿಯನ್ನೂ ಹೀಗೇ ಬಿಚ್ಚಿ ನೋಡಬೇಕು. ಗ್ರಂಥಾಲಯಕ್ಕೆ ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹತ್ತು ನಿಮಿಷ ನಡೆದು ಬರುತ್ತಾರೆ, ಒಬ್ಬರು ಮಾತ್ರ 110 ನಿಮಿಷ ಪ್ರಯಾಣಿಸುತ್ತಾರೆ ಎನ್ನಿ. ಸರಾಸರಿ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಬರುವವರು ಆ ಹತ್ತರಲ್ಲಿ ಒಬ್ಬರೂ ಇಲ್ಲ! ಇಂಥ ಕಡೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಸಂಖ್ಯೆಯೇ ನಿಜಕ್ಕೆ ಹತ್ತಿರ.

ಸಮೀಕ್ಷೆಯಲ್ಲಿ ಎಷ್ಟು ಜನರನ್ನು ಕೇಳಿದರು ಎಂಬುದಕ್ಕಿಂತ ಯಾರನ್ನು ಕೇಳಿದರು ಎಂಬುದು ದೊಡ್ಡದು. 1936ರ ಅಮೆರಿಕ ಅಧ್ಯಕ್ಷ ಚುನಾವಣೆಯ ಮುನ್ನ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಕಳಿಸಿತು. ಸುಮಾರು 24 ಲಕ್ಷ ಉತ್ತರಗಳು ಬಂದವು. ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಹೆಸರುಗಳನ್ನು ಆರಿಸಿದ್ದು ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅವೆರಡೂ ಇದ್ದವರು ಉಳ್ಳವರು. ಮೇಲಾಗಿ, ಉತ್ತರ ಬರೆದು ಕಳಿಸಿದವರು ಕಾಲು ಭಾಗ ಮಾತ್ರ. ನಿಮ್ಮ ಗ್ರಂಥಾಲಯದ ಉದಾಹರಣೆಗೆ ಬನ್ನಿ: ಹಗಲಿನಲ್ಲಿ ಒಳಗೆ ಕುಳಿತು ಓದುತ್ತಿರುವವರನ್ನು "ವೇಳೆ ಹೊಂದುತ್ತದೆಯೇ?" ಎಂದು ಕೇಳಿದರೆ ಹೊಂದುತ್ತದೆ ಎಂದೇ ಅನ್ನುತ್ತಾರೆ. ಹೊಂದದವರು ಅಲ್ಲಿಲ್ಲವಲ್ಲ.

ಹಂತ 5: ಕಥೆಯನ್ನು ಕಥೆಯ ಜಾಗದಲ್ಲಿಡಿ

ಒಬ್ಬ ಮಗುವಿನ ಮುಖ ಮತ್ತು ಹೆಸರಿಗೆ ಕರಗುವ ಮನಸ್ಸು ಲಕ್ಷಾಂತರ ಮಕ್ಕಳ ಸಂಖ್ಯೆಗೆ ಕರಗುವುದಿಲ್ಲ. ಇದನ್ನು ಸಂಶೋಧಕರು ದೇಣಿಗೆಯ ಪ್ರಯೋಗಗಳಲ್ಲಿ ಕಂಡಿದ್ದಾರೆ. ಆ ಕಾರಣಕ್ಕೇ ಕಥೆಗೆ ಬಲ. ಆ ಕಾರಣಕ್ಕೇ ಅದರ ಬಗ್ಗೆ ಎಚ್ಚರ ಬೇಕು. ಹತ್ತರಲ್ಲಿ ಒಂಬತ್ತು ಸಲ ಆಗುವುದನ್ನು ತೋರಿಸಲು ಒಂದು ಕಥೆ ಹೇಳಿದರೆ ಅದು ನಿದರ್ಶನ. ಸಾವಿರಕ್ಕೊಮ್ಮೆ ಆಗುವುದನ್ನು ದಿನವೂ ಆಗುವಂತೆ ತೋರಿಸಲು ಹೇಳಿದರೆ ಅದು ಮೋಸ. ಕಥೆಯಲ್ಲಿನ ಒಂದೊಂದು ಅಕ್ಷರವೂ ನಿಜವಾಗಿದ್ದರೂ ಮೋಸ ಮೋಸವೇ.

ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಸಂಖ್ಯೆಯನ್ನು ನೋಡಿಕೊಳ್ಳುತ್ತೇನೆ; ಆಮೇಲೆ ಅದರ ಸಾಮಾನ್ಯ ಚಿತ್ರವನ್ನು ಹೋಲುವ ಕಥೆಯನ್ನು ಆರಿಸುತ್ತೇನೆ. ತೀರಾ ಮೈ ಜುಮ್ಮೆನ್ನಿಸುವ, ತೀರಾ ಅಪರೂಪದ ಕಥೆಯನ್ನು ಬಿಡುತ್ತೇನೆ. ಬಿಡುವಾಗ ಸಂಕಟವಾಗುತ್ತದೆ, ನಿಜ.

ಬೇರೆಯವರ ಬದುಕನ್ನು ವೇದಿಕೆಗೆ ತರುವಾಗ ಅವರ ಅನುಮತಿ ಬೇಕು. "ಹೆಸರು ಹೇಳುವುದಿಲ್ಲ" ಎಂದರೆ ಸಾಲದು. ಊರು, ಕೆಲಸ, ಮನೆಯ ಪರಿಸ್ಥಿತಿ ಹೇಳಿದರೆ ಗುರುತು ಹಿಡಿಯುವವರು ಸಭೆಯಲ್ಲೇ ಇರುತ್ತಾರೆ. ವಿವರಗಳನ್ನು ಬದಲಿಸಿದ್ದರೆ, ಇಬ್ಬರ ಅನುಭವವನ್ನು ಒಂದಾಗಿಸಿದ್ದರೆ, ಹಾಗೆಂದು ಹೇಳಿ. ಕಲ್ಪಿಸಿದ ಉದಾಹರಣೆಯಾದರೆ "ಹೀಗೊಬ್ಬರಿದ್ದಾರೆ ಎಂದುಕೊಳ್ಳಿ" ಎಂದೇ ಶುರು ಮಾಡಿ.

ಹಂತ 6: ಪ್ರತಿ ಪುರಾವೆಗೂ ಒಂದು ಚೀಟಿ

ಅಂಗೈಯಗಲದ ಚೀಟಿ ಸಾಕು. ಒಂದು ಚೀಟಿಗೆ ಒಂದೇ ಪುರಾವೆ. ಗ್ರಂಥಾಲಯದ ಭಾಷಣಕ್ಕೆ ಮಾಡಿದ ಚೀಟಿ ಹೀಗಿರಬಹುದು. ಇಲ್ಲಿನ ಅಂಕಿಗಳು ನಾನು ಕಲ್ಪಿಸಿದವು:

ಹೇಳಿಕೆ: ಮುಚ್ಚಿದ ಮೇಲೂ ಜನ ಬರುತ್ತಾರೆ.
ಪುರಾವೆ: 20 ಕೆಲಸದ ದಿನಗಳಲ್ಲಿ ಸಂಜೆ 6ರಿಂದ 8ರ ನಡುವೆ ಬಾಗಿಲವರೆಗೆ ಬಂದು ಹಿಂದಿರುಗಿದವರು 212.
ಮೂಲ: ಸ್ವಯಂಸೇವಕರು ಬಾಗಿಲಲ್ಲಿ ಕುಳಿತು ಬರೆದ ಪುಸ್ತಕ, ಮೂಲ ಪ್ರತಿ ನನ್ನ ಬಳಿ ಇದೆ.
ಮಿತಿ: ಪರೀಕ್ಷೆಗಳ ತಿಂಗಳು. ಒಬ್ಬರೇ ಎರಡು ಸಲ ಬಂದಿರಬಹುದು.
ಬಾಯಲ್ಲಿ: "ದಿನಕ್ಕೆ ಸುಮಾರು ಹತ್ತು ಜನ."

ನಾಲ್ಕನೆಯ ಸಾಲನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಮಿತಿಯ ಸಾಲು ಖಾಲಿ ಇರುವ ಚೀಟಿಯನ್ನು ನಾನು ವೇದಿಕೆಗೆ ಒಯ್ಯುವುದಿಲ್ಲ. ಮಿತಿ ಕಾಣುತ್ತಿಲ್ಲವೆಂದರೆ ಆ ಪುರಾವೆಯನ್ನು ನಾನಿನ್ನೂ ಸರಿಯಾಗಿ ಓದಿಲ್ಲ ಎಂದರ್ಥ.

ಹಂತ 7: ಮೂಲವನ್ನು ಮಾತಿನೊಳಗೆ ನೇಯಿರಿ

ಬರಹದಲ್ಲಿ ಮೂಲ ಕೊನೆಗೆ ಬಂದರೂ ನಡೆಯುತ್ತದೆ. ಮಾತಿನಲ್ಲಿ ಅದು ಮೊದಲು ಬರಬೇಕು, ಯಾಕೆಂದರೆ ಯಾರ ಮಾತೆಂದು ತಿಳಿದ ಮೇಲೆಯೇ ಕೇಳುಗರು ಅದನ್ನು ತೂಗುತ್ತಾರೆ. ಪೂರ್ತಿ ವಿಳಾಸ ಬೇಡ. ಯಾರು, ಯಾವಾಗ, ಅವರಿಗೆ ಹೇಗೆ ಗೊತ್ತು ಎಂಬುದು ಒಂದು ಸಣ್ಣ ವಾಕ್ಯದಲ್ಲಿ ಹಿಡಿಯುತ್ತದೆ.

ಕಳಪೆ ಮಾದರಿ ಮೊದಲು: "ನೂರಾರು ಜನ ಪ್ರತಿದಿನ ನಿರಾಶರಾಗಿ ಮರಳುತ್ತಿದ್ದಾರೆ ಎಂದು ಸಮೀಕ್ಷೆಯಿಂದ ದೃಢಪಟ್ಟಿದೆ." ಯಾರ ಸಮೀಕ್ಷೆ? ನೂರಾರು ಜನ ದಿನಕ್ಕೋ ತಿಂಗಳಿಗೋ? ನಿರಾಶೆಯನ್ನು ಅಳೆದವರಾರು?

ಈಗ ತಿದ್ದಿದ್ದು: "ಕಳೆದ ತಿಂಗಳು ನಮ್ಮ ಸ್ವಯಂಸೇವಕರು ಇಪ್ಪತ್ತು ಸಂಜೆ ಈ ಬಾಗಿಲಲ್ಲೇ ಕುಳಿತು ಎಣಿಸಿದರು. ಮುಚ್ಚಿದ ಮೇಲೆ ಬಂದವರು ದಿನಕ್ಕೆ ಸುಮಾರು ಹತ್ತು ಜನ. ಅದು ಪರೀಕ್ಷೆಗಳ ತಿಂಗಳು. ಬೇರೆ ತಿಂಗಳಲ್ಲಿ ಕಡಿಮೆ ಇರಬಹುದು. ಅರ್ಧಕ್ಕೆ ಇಳಿದರೂ ದಿನಕ್ಕೆ ಐದು ಜನ ಆ ಬೀಗ ನೋಡಿ ಹಿಂದಿರುಗುತ್ತಾರೆ." ಎರಡನೆಯದರಲ್ಲಿ ಸಂಖ್ಯೆ ಚಿಕ್ಕದು. ಆದರೂ ಸಮಿತಿಯ ಸದಸ್ಯರ ಕಣ್ಣು ಬಾಗಿಲ ಕಡೆಗೆ ಹೊರಳುವುದು ಎರಡನೆಯದಕ್ಕೇ.

ಸಂಖ್ಯೆಯನ್ನು ಕಿವಿಗೆ ಹಿಡಿಯುವಂತೆ ದುಂಡಗೆ ಮಾಡಿ, ಆದರೆ ನಿಮ್ಮ ಕಡೆಗೆ ವಾಲುವಂತೆ ಮಾಡಬೇಡಿ. ಶೇ. 46 ಇದ್ದರೆ "ಅರ್ಧಕ್ಕಿಂತ ಸ್ವಲ್ಪ ಕಡಿಮೆ" ಎನ್ನಿ, "ಸುಮಾರು ಅರ್ಧ" ಎನ್ನುವ ಆಸೆಯನ್ನು ತಡೆಯಿರಿ. ಮುಖ್ಯ ಸಂಖ್ಯೆ ಹೇಳಿದ ಮೇಲೆ ಎರಡು ಕ್ಷಣ ಸುಮ್ಮನಿರಿ. ಒಂದರ ಬೆನ್ನಿಗೆ ಒಂದರಂತೆ ಐದು ಅಂಕಿ ಹೇಳಿದರೆ ಮನೆಗೆ ಹೋಗುವಾಗ ಒಂದೂ ನೆನಪಿರುವುದಿಲ್ಲ.

ಬೇರೆಯವರ ನುಡಿಯನ್ನು ಹೇಳುವಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದು ದನಿಯಲ್ಲಿ ಗೊತ್ತಾಗಬೇಕು. ವೇದಿಕೆಯ ಮೇಲೆ ಉದ್ಧರಣ ಚಿಹ್ನೆ ಕಾಣುವುದಿಲ್ಲ. "ಅವರದೇ ಮಾತಿನಲ್ಲಿ" ಎಂದು ಆರಂಭಿಸಿ, ಮುಗಿದ ಮೇಲೆ "ಇದು ಅವರ ಮಾತು, ಈಗ ನನ್ನದು" ಎಂದರೆ ಸಾಕು. ಈ ಸಣ್ಣ ಕೆಲಸ ತಪ್ಪಿದರೆ ಬೆಲೆ ದೊಡ್ಡದು. 1987ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಯ ಸ್ಪರ್ಧೆಗೆ ಇಳಿದಿದ್ದ ಜೋ ಬೈಡನ್, ಬ್ರಿಟನ್ನಿನ ನಾಯಕ ನೀಲ್ ಕಿನ್ನಕ್ ಅವರ ಭಾಷಣದ ಭಾಗವನ್ನು ಅವರ ಹೆಸರು ಹೇಳದೆ ಬಳಸಿದರು. ಬೇರೆ ಸಂದರ್ಭಗಳಲ್ಲಿ ಅವರೇ ಕಿನ್ನಕ್ ಹೆಸರನ್ನು ಹೇಳಿದ್ದೂ ಇತ್ತು. ಹೇಳದೆ ಬಿಟ್ಟದ್ದು ಸುದ್ದಿಯಾಯಿತು. ಕೃತಿಚೌರ್ಯದ ಇನ್ನಷ್ಟು ಆರೋಪಗಳು ಅದಕ್ಕೆ ಸೇರಿಕೊಂಡವು, ಸೆಪ್ಟೆಂಬರಿನಲ್ಲಿ ಅವರು ಸ್ಪರ್ಧೆಯಿಂದ ಹಿಂದೆ ಸರಿದರು.

ಹಂತ 8: ಸ್ಲೈಡ್ ಬೇಕಿದ್ದರೆ

ಒಂದು ಸ್ಲೈಡಿಗೆ ಒಂದೇ ಮಾತು, ಮೂಲ ಕೆಳಗೆ ಓದುವಷ್ಟು ದೊಡ್ಡ ಅಕ್ಷರದಲ್ಲಿ. ಕಂಬಗಳ ನಕ್ಷೆಯನ್ನು ಸೊನ್ನೆಯಿಂದ ಆರಂಭಿಸಿ. 90ರಿಂದ ಆರಂಭಿಸಿದರೆ 92ರ ಕಂಬಕ್ಕಿಂತ 96ರ ಕಂಬ ಮೂರು ಪಟ್ಟು ಎತ್ತರ ಕಾಣುತ್ತದೆ. ನಕ್ಷೆ ತೆರೆದ ಕೂಡಲೇ ಫಲಿತಾಂಶಕ್ಕೆ ಹಾರಬೇಡಿ. ಸ್ವೀಡನ್ನಿನ ಆರೋಗ್ಯ ತಜ್ಞ ಹಾನ್ಸ್ ರೋಸ್ಲಿಂಗ್ 2006ರ ತಮ್ಮ ಪ್ರಸಿದ್ಧ ಟೆಡ್ ಭಾಷಣದಲ್ಲಿ ಮಾಡಿದ್ದನ್ನು ನೋಡಿ: ಅಡ್ಡಗೆರೆಯಲ್ಲಿರುವುದು ಒಬ್ಬ ತಾಯಿಗೆ ಎಷ್ಟು ಮಕ್ಕಳೆಂಬುದು, ಲಂಬಗೆರೆಯಲ್ಲಿರುವುದು ಆಯಸ್ಸು ಎಂದು ಮೊದಲು ಹೇಳಿದರು. ಒಂದೊಂದು ದೇಶವನ್ನು ಸೂಚಿಸುವ ಗುಳ್ಳೆಗಳನ್ನು ನಕ್ಷೆಯ ಮೇಲೆ ಓಡಿಸಿದ್ದು ಆಮೇಲೆ.

ಹಂತ 9: ಎದುರಿನ ಪುರಾವೆಯನ್ನು ನೀವೇ ಎತ್ತಿ

ನಿಮ್ಮ ವಾದಕ್ಕೆ ವಿರುದ್ಧವಾದದ್ದು ಹುಡುಕಾಟದಲ್ಲಿ ಸಿಕ್ಕೇ ಸಿಕ್ಕಿರುತ್ತದೆ. ಅದರಲ್ಲಿ ಅತ್ಯಂತ ಗಟ್ಟಿಯಾದದ್ದನ್ನು ಆರಿಸಿ, ಎದುರಾಳಿ ಕೇಳಿದರೆ "ಹೌದು, ನಾನು ಹೇಳುವುದು ಇದನ್ನೇ" ಎನ್ನುವಂತೆ ಮಂಡಿಸಿ, ಆಮೇಲೆ ಉತ್ತರ ಕೊಡಿ. ಇದರಿಂದ ವಾದ ದುರ್ಬಲವಾಗುವುದಿಲ್ಲ. ಎದುರು ವಾದವನ್ನು ಎತ್ತಿ ಅದಕ್ಕೆ ಉತ್ತರಿಸುವ ಭಾಷಣ, ಒಂದೇ ಬದಿಯನ್ನು ಹೇಳುವ ಭಾಷಣಕ್ಕಿಂತ ಹೆಚ್ಚು ಮನವೊಲಿಸುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರ ತೀರ್ಮಾನ. ಎತ್ತಿ ಉತ್ತರಿಸದೆ ಬಿಟ್ಟರೆ ಮಾತ್ರ ಆ ಲಾಭವಿಲ್ಲ.

ನಿಮಗೆ ಎಷ್ಟು ಖಚಿತವೋ ಅಷ್ಟನ್ನೇ ದನಿಯಲ್ಲೂ ತೋರಿಸಿ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇರಾಕಿನ ಶಸ್ತ್ರಾಸ್ತ್ರಗಳ ಬಗ್ಗೆ ಮಾತನಾಡಿದರು. ತಾವು ಹೇಳುವುದೆಲ್ಲ ಗಟ್ಟಿ ಮೂಲಗಳಿಂದ ಬಂದದ್ದು ಎಂದು ಒತ್ತಿ ಹೇಳಿದರು. ಆಂಥ್ರಾಕ್ಸ್ ಎಂಬ ಮಾರಕ ರೋಗಾಣುವಿನ ಅಪಾಯ ಮನದಟ್ಟು ಮಾಡಲು ಕೈಯಲ್ಲೊಂದು ಪುಟ್ಟ ಶೀಶೆ ಹಿಡಿದು ತೋರಿಸಿದರು. ಸಂಚಾರಿ ಜೈವಿಕ ಪ್ರಯೋಗಾಲಯಗಳ ಬಗೆಗಿನ ಅವರ ಮಾತು ಮುಖ್ಯವಾಗಿ ನಿಂತಿದ್ದದ್ದು, ಅಮೆರಿಕನ್ನರು ಸ್ವತಃ ಸರಿಯಾಗಿ ವಿಚಾರಣೆ ಮಾಡದಿದ್ದ ಒಬ್ಬ ಮಾಹಿತಿದಾರನ ಮೇಲೆ. ಆ ಮಾಹಿತಿ ಸುಳ್ಳಾಗಿತ್ತು. ಆ ಭಾಷಣ ತಮ್ಮ ಬದುಕಿನ ದಾಖಲೆಯ ಮೇಲೊಂದು ಕಲೆ ಎಂದು ಪವೆಲ್ ಮುಂದೆ ಒಪ್ಪಿಕೊಂಡರು. ಫೈನ್‌ಮನ್ ಲೋಟ ಮತ್ತು ಪವೆಲ್ ಶೀಶೆ ಎರಡೂ ಪ್ರದರ್ಶನಗಳೇ. ಒಂದರಲ್ಲಿ ವಸ್ತುವೇ ಉತ್ತರ ಹೇಳಿತು. ಇನ್ನೊಂದು ಬರೀ ರಂಗಪರಿಕರವಾಗಿತ್ತು. ನೀವು ಎತ್ತಿ ತೋರಿಸುವ ವಸ್ತು ಇವೆರಡರಲ್ಲಿ ಯಾವ ಬಗೆಯದು ಎಂದು ಕೇಳಿಕೊಳ್ಳಿ.

ಮೂರು ದರ್ಜೆಯ ಮಾತುಗಳನ್ನು ರೂಢಿ ಮಾಡಿಕೊಂಡರೆ ಅನುಕೂಲ: "ಇದು ಸ್ಪಷ್ಟವಾಗಿ ತಿಳಿದಿದೆ", "ಈವರೆಗಿನ ಅಧ್ಯಯನಗಳು ಹೀಗೆ ಸೂಚಿಸುತ್ತವೆ", "ಇದು ನನ್ನ ಅಂದಾಜು." ಮೂರನ್ನೂ ಒಂದೇ ಭಾಷಣದಲ್ಲಿ ಕೇಳಿದವರು, ನೀವು ಮೊದಲನೆಯದನ್ನು ಹೇಳಿದಾಗ ಅದಕ್ಕೆ ಬೆಲೆ ಕೊಡುತ್ತಾರೆ.

ಹಂತ 10: ಪ್ರಶ್ನೆಗಳು, ಆಮೇಲಿನ ತಿದ್ದುಪಡಿ

ಚೀಟಿಗಳನ್ನು ಹೇಳಿಕೆಗಳ ಕ್ರಮದಲ್ಲೇ ಜೋಡಿಸಿ ಕೈಯಲ್ಲಿಟ್ಟುಕೊಳ್ಳಿ. "ಇದು ಎಲ್ಲಿಂದ?" ಎಂದು ಯಾರಾದರೂ ಕೇಳಿದರೆ ಚೀಟಿಯನ್ನು ನೋಡಿಯೇ ಓದಿ ಹೇಳಿ, ನೆನಪಿನಿಂದ ಹೇಳಿ ತಪ್ಪುವುದಕ್ಕಿಂತ ಅದೇ ಮೇಲು. ಗೊತ್ತಿಲ್ಲದಿದ್ದರೆ "ಈಗ ನನ್ನ ಬಳಿ ಇಲ್ಲ, ನೋಡಿ ತಿಳಿಸುತ್ತೇನೆ" ಎಂದು ಕೇಳಿದವರ ಸಂಪರ್ಕ ಬರೆದುಕೊಳ್ಳಿ, ಒಂದು ವಾರದೊಳಗೆ ತಿಳಿಸಿ. ಕೇಳಿದವರು ಎದುರಾಳಿಯೇ ಆಗಿದ್ದರೂ ಉತ್ತರ ಎಲ್ಲರ ಕಡೆ ತಿರುಗಿ ಹೇಳಿ, ಏಕೆಂದರೆ ಅದೇ ಪ್ರಶ್ನೆ ಕೇಳದೆ ಕುಳಿತವರು ಇನ್ನೂ ಹಲವರಿರುತ್ತಾರೆ.

ಭಾಷಣ ಮುಗಿದ ಮೇಲೆ ತಪ್ಪು ಗೊತ್ತಾದರೆ, ತಪ್ಪು ಎಷ್ಟು ಜನರನ್ನು ತಲುಪಿತ್ತೋ ತಿದ್ದುಪಡಿಯೂ ಅಷ್ಟೇ ಜನರನ್ನು ತಲುಪಬೇಕು. ಆ ಶಿಬಿರದ ಸಂಘಟಕರಿಂದ ವಿಳಾಸಗಳನ್ನು ಪಡೆದು ನಾನು ಎಲ್ಲರಿಗೂ ಬರೆದದ್ದು ನಾಲ್ಕೇ ಸಾಲು: ನಾನು ಹೇಳಿದ್ದೇನು, ಅದು ಏಕೆ ತಪ್ಪು, ಸರಿಯಾದದ್ದೇನು, ಇದರಿಂದ ನನ್ನ ಉಳಿದ ಮಾತಿನಲ್ಲಿ ಏನು ಬದಲಾಗುತ್ತದೆ. ನಾಲ್ಕನೆಯ ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ದನಿ ಮತ್ತು ಹಾವಭಾವದ ಬಗ್ಗೆ ನಾನು ಹೇಳಿದ್ದರಲ್ಲಿ ಅರ್ಧದಷ್ಟು ಆ ಸಂಖ್ಯೆಗಳ ಮೇಲೇ ನಿಂತಿತ್ತು, ಅದನ್ನೂ ಬರೆದೆ. ಶಿಬಿರದಲ್ಲಿ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಆ ಹಿರಿಯ ಮಹಿಳೆಯಿಂದ ಮರುದಿನವೇ ಉತ್ತರ ಬಂತು. ಮೆಹ್ರೇಬಿಯನ್ ಪ್ರಬಂಧ ಯಾವ ಪತ್ರಿಕೆಯಲ್ಲಿ ಸಿಗುತ್ತದೆ ಎಂದು ಕೇಳಿದ್ದರು.